ಕೇಳದೆ ಕೊಡದ ಮದ್ದು

ಈರುಳ್ಳಿ ಹೆಚ್ಚುವಾಗ ಕಣ್ಣೊರೆಸಿಕೊಂಡ ಬಿಳಿ ಕರವಸ್ತ್ರದ ಅಂಚಿನಲ್ಲಿ ಕಿತ್ತಳೆ ಬಣ್ಣದ ಒಂದು ಕಲೆ ಉಳಿದಿತ್ತು. ತೊಗರಿಬೇಳೆಯಷ್ಟು ಗಾತ್ರ. ನಲ್ಲಿಯ ಕೆಳಗೆ ಹಿಡಿದು ಉಜ್ಜಿದೆ. ಬಣ್ಣ ತೆಳುವಾಯಿತೇ ಹೊರತು ಹೋಗಲಿಲ್ಲ. ಈ ಔಷಧ ಕಣ್ಣೀರಿಗೂ ಬಣ್ಣ ಹತ್ತಿಸುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ನನ್ನದೇ ಕಣ್ಣೀರಿನಲ್ಲಿ ಅದನ್ನು ಕಂಡಾಗ ಯಾರಿಗಾದರೂ ತೋರಿಸಬೇಕು ಅನ್ನಿಸಿತು. ಮನೆಯಲ್ಲಿ ನಾನೊಬ್ಬಳೇ ಇದ್ದೆ. ಕರವಸ್ತ್ರವನ್ನು ಕಿಟಕಿಯ ಸರಳಿನ ಮೇಲೆ ಒಣಗಹಾಕಿ ಉಳಿದ ಈರುಳ್ಳಿ ಹೆಚ್ಚಿದೆ.

ಅದು ಕ್ಷಯದ ಮಾತ್ರೆಯ ಬಣ್ಣ. ಆ ಬೇಸಿಗೆಯಲ್ಲಿ ನನ್ನ ಕತ್ತಿನ ಎಡಗಡೆ ಒಂದು ಗಂಟು ಎದ್ದು, ನೋಯದೆ, ಹೋಗದೆ ಅಲ್ಲೇ ಕೂತಿತ್ತು. ಗ್ರೇಟರ್ ನೋಯ್ಡಾದ ಒಂದು ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಪರೀಕ್ಷೆ ಮಾಡಿ, ಗ್ರಂಥಿಯ ಕ್ಷಯ ಎಂದರು. ಇದು ಕೆಮ್ಮಿನಿಂದ ಹರಡುವಂಥದ್ದಲ್ಲ, ಜೊತೆಯಲ್ಲಿರುವವರಿಗೆ ಏನೂ ಅಪಾಯವಿಲ್ಲ, ತಿಂಗಳುಗಟ್ಟಲೆ ಮಾತ್ರೆ ನುಂಗಬೇಕು ಅಷ್ಟೆ ಎಂದು ವೈದ್ಯರು ವಿವರಿಸಿದರು. ಜೊತೆಯಲ್ಲಿ ಯಾರೂ ಇಲ್ಲ ಎಂದೆ. ಒಳ್ಳೆಯದೇ ಆಯಿತು ಎಂಬಂತೆ ತಲೆಯಾಡಿಸಿದರು. ನನಗೂ ಹಾಗೇ ಅನ್ನಿಸಿತು. ಯಾರಿಗೂ ಅಪಾಯವಿಲ್ಲದಿದ್ದರೆ ಯಾರಿಗೂ ಹೇಳಬೇಕಾಗಿಲ್ಲ.

ಹೇಳಬಹುದಾಗಿದ್ದವರು ದೆಹಲಿಯ ರೋಹಿಣಿ ಬಡಾವಣೆಯಲ್ಲಿದ್ದರು. ಅಪ್ಪ ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಮದುವೆಯಾದ ಹೊಸದರಲ್ಲಿ ದೆಹಲಿಗೆ ಬಂದವರು ಇನ್ನೂ ಇಲ್ಲೇ ಇದ್ದಾರೆ. ಅಮ್ಮನಿಗೆ ರೋಹಿಣಿಯ ಅಷ್ಟೂ ಸೆಕ್ಟರುಗಳ ಕನ್ನಡದ ಮನೆಗಳು ಗೊತ್ತು. ಅಮ್ಮನಿಗೆ ಮಧ್ಯಾಹ್ನ ಹೇಳಿದ ಮಾತು ಸಂಜೆಯೊಳಗೆ ಅಷ್ಟೂ ಮನೆ ಸುತ್ತಿ, ಸ್ವಲ್ಪ ಉಪ್ಪು ಖಾರ ಹಚ್ಚಿಕೊಂಡು ನಮ್ಮ ಮನೆಗೇ ವಾಪಸ್ಸು ಬರುತ್ತದೆ. ನಾನು ಎಂಎಸ್ಸಿಯಲ್ಲಿ ಒಂದು ಪತ್ರಿಕೆಯಲ್ಲಿ ಕಡಿಮೆ ಅಂಕ ತೆಗೆದದ್ದಕ್ಕೆ ತರಕಾರಿ ಗಾಡಿಯ ಭಯ್ಯಾ ಸಹ ನನಗೆ ಸಮಾಧಾನ ಹೇಳಿದ್ದ. ಕ್ಷಯ ಎಂಬುದನ್ನು ಆ ದಾರಿಗೆ ಬಿಡಲು ನಾನು ತಯಾರಿರಲಿಲ್ಲ.

ಗ್ರೇಟರ್ ನೋಯ್ಡಾದ ಒಂದು ಕಾಲೇಜಿನಲ್ಲಿ ನಾನು ಸಂಶೋಧನೆ ಮಾಡುತ್ತಿದ್ದೆ. ಕಾಲೇಜಿಗೆ ಹತ್ತಿರವೆಂದು ಅಲ್ಲೇ ಒಂದು ಎತ್ತರದ ಕಟ್ಟಡದಲ್ಲಿ ಒಂದು ಕೋಣೆಯ ಮನೆ ಹಿಡಿದಿದ್ದೆ. ಆ ಕಟ್ಟಡದ ಅರ್ಧದಷ್ಟು ಕಿಟಕಿಗಳಲ್ಲಿ ಸಂಜೆ ದೀಪ ಹತ್ತುತ್ತಿರಲಿಲ್ಲ; ಕೊಂಡವರು ಇನ್ನೂ ಬಂದಿರಲಿಲ್ಲ. ಲಿಫ್ಟಿನಲ್ಲಿ ಯಾರಾದರೂ ಸಿಕ್ಕರೆ ಇಬ್ಬರೂ ಮಹಡಿಯ ಸಂಖ್ಯೆ ನೋಡುತ್ತ ನಿಲ್ಲುತ್ತಿದ್ದೆವು. ನನಗೆ ಅದು ಒಗ್ಗಿತ್ತು. ಒಗ್ಗಿತ್ತು ಎಂದುಕೊಂಡಿದ್ದೆ.

ನನ್ನ ಸಂಶೋಧನೆಯ ವಿಷಯ ಯಕೃತ್ತು. ನಾವು ನುಂಗಿದ ಔಷಧಗಳಲ್ಲಿ ಬಹಳಷ್ಟನ್ನು ಒಡೆದು ಸಾಗಹಾಕುವ ಕೆಲಸ ಯಕೃತ್ತಿನದು. ಒಡೆಯುವಾಗ ಕೆಲವು ಚೂರುಗಳು ಒಂದು ಎಲೆಕ್ಟ್ರಾನ್ ಕಳೆದುಕೊಂಡು ಹುಟ್ಟುತ್ತವೆ. ಅವಕ್ಕೆ ಸುಮ್ಮನಿರಲು ಬರುವುದಿಲ್ಲ, ಪಕ್ಕದಲ್ಲಿ ಸಿಕ್ಕಿದ್ದರಿಂದ ಕಿತ್ತುಕೊಳ್ಳುತ್ತವೆ. ಕಳೆದುಕೊಂಡದ್ದು ಇನ್ನೊಂದರಿಂದ ಕಿತ್ತುಕೊಳ್ಳುತ್ತದೆ. ಹೀಗೆ ಸಾಗಿ ಜೀವಕೋಶದ ಪೊರೆಯೇ ಹರಿದುಹೋಗುತ್ತದೆ. ಇದು ಉತ್ಕರ್ಷಣದ ಹಾನಿ. ಕೆಲವು ಗಿಡಗಳ ಎಲೆಯಲ್ಲಿರುವ ಉತ್ಕರ್ಷಣ ನಿರೋಧಕಗಳು ತಮ್ಮ ಎಲೆಕ್ಟ್ರಾನನ್ನು ತಾವಾಗಿ ಕೊಟ್ಟು ಆ ಜಗಳವನ್ನು ಅಲ್ಲಿಗೇ ನಿಲ್ಲಿಸುತ್ತವೆ. ಕೊಟ್ಟ ಮೇಲೂ ಅವು ಕೆಡುವುದಿಲ್ಲ. ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಕಡುನೇರಳೆ ಬಣ್ಣದ ಒಂದು ದ್ರಾವಣಕ್ಕೆ ಎಲೆಯ ಸಾರವನ್ನು ಬಿಟ್ಟರೆ, ನೇರಳೆ ಮೆಲ್ಲಗೆ ಇಳಿದು ತಿಳಿಹಳದಿಯಾಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಸರವಾಗದ ದೃಶ್ಯ ಅದು.

ಗಾಜಿನ ನಳಿಕೆಯಿಂದ ಮುಂದಿನ ಹೆಜ್ಜೆ ಇಲಿಗಳು. ಕ್ಷಯದ ಮಾತ್ರೆಗಳು ಕೆಲವರ ಯಕೃತ್ತನ್ನು ಕೆಡಿಸುತ್ತವೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ, ಹಾಗಾಗಿ ಒಂದು ಗುಂಪಿಗೆ ಆ ಔಷಧ ಮಾತ್ರ, ಇನ್ನೊಂದಕ್ಕೆ ಔಷಧದ ಜೊತೆಗೆ ಎಲೆಯ ಸಾರ, ಮತ್ತೊಂದಕ್ಕೆ ಬರೀ ನೀರು. ಆಮೇಲೆ ರಕ್ತ ತೆಗೆದು, ಯಕೃತ್ತಿನಿಂದ ಸೋರಿ ಬಂದ ಕಿಣ್ವ ಎಷ್ಟಿದೆ ಎಂದು ಅಳೆಯುವುದು. ಮೊದಲ ದಿನವೇ ನನ್ನ ಮಾರ್ಗದರ್ಶಕಿ ಹೇಳಿದ್ದರು: “ಚೂಹಾ ನಹೀಂ ಬತಾಯೇಗಾ, ಬ್ಲಡ್ ಬತಾಯೇಗಾ.” ಇಲಿ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ರಕ್ತ ನೋಡಬೇಕು.

ಈ ಕೆಲಸ ಹಿಡಿದು ಒಂದು ವರ್ಷದ ಮೇಲೆ ವೈದ್ಯರು ನನಗೆ ಬರೆದುಕೊಟ್ಟ ಮಾತ್ರೆಗಳಲ್ಲಿ ನಾನು ಇಲಿಗಳಿಗೆ ಕೊಡುತ್ತಿದ್ದ ಔಷಧಗಳೂ ಇದ್ದವು. ಚೀಟಿ ಓದಿ ನಗು ಬಂತು. ವೈದ್ಯರು ಯಾಕೆಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೊಟ್ಟೆ ತೊಳಸಿದರೆ, ಹಸಿವು ಹೋದರೆ ಕೂಡಲೇ ಬನ್ನಿ, ಇಲ್ಲದಿದ್ದರೂ ಮುಂದಿನ ತಿಂಗಳು ಯಕೃತ್ತಿನ ರಕ್ತಪರೀಕ್ಷೆಗೆ ಬನ್ನಿ ಎಂದರು. ಹೂಂ ಎಂದೆ.

ಅಮ್ಮನ ಮದ್ದಿನ ವಿಷಯವನ್ನು ಇಲ್ಲಿ ಹೇಳಬೇಕು.

ನಮ್ಮ ಅಮ್ಮ ಕಾಮಾಲೆಗೆ ಮದ್ದು ಕೊಡುತ್ತಾಳೆ. ಅವಳ ಸೋದರತ್ತೆಯಿಂದ ಬಂದದ್ದು. ಮಳೆಗಾಲದಲ್ಲಿ ನಮ್ಮ ಸೆಕ್ಟರಿನ ಪಾರ್ಕಿನ ಹುಲ್ಲಿನ ಅಂಚಿನಲ್ಲಿ ಒಂದು ಸಣ್ಣ ಗಿಡ ಏಳುತ್ತದೆ. ಎಲೆಯ ಕೆಳಗೆ ಸಾಲಾಗಿ ಪುಟ್ಟ ಹಸಿರು ಮಣಿಗಳು. ಅದನ್ನು ಕಿತ್ತು ತೊಳೆದು, ಅಡುಗೆಗೆ ಬಳಸದ ಒಂದು ಪುಟ್ಟ ಕಲ್ಲಿನಲ್ಲಿ ಅರೆದು, ಮಜ್ಜಿಗೆಯಲ್ಲಿ ಕದಡಿ ಖಾಲಿ ಹೊಟ್ಟೆಗೆ ಕೊಡುತ್ತಾಳೆ. ಕಟ್ಟುನಿಟ್ಟುಗಳು ಬಹಳ. ಗಿಡದ ಹೆಸರು ಹೇಳಬಾರದು. ಏನನ್ನೂ ತೆಗೆದುಕೊಳ್ಳಬಾರದು. ರೋಗಿಯೇ ಬಂದು ಮಣೆಯ ಮೇಲೆ ಕೂತು, ತನ್ನ ಬಾಯಿಂದಲೇ ಮದ್ದು ಬೇಕೆಂದು ಕೇಳಬೇಕು. ಕೇಳದವರಿಗೆ ತಾನಾಗಿ ಕೊಡುವ ಹಾಗಿಲ್ಲ, ಅವರು ಎದುರಿಗೇ ಹಳದಿಯಾಗಿ ಕೂತಿದ್ದರೂ. ಮದ್ದಿಗೆ ಬಂದವರು ಯಾರೆಂದು ಆಮೇಲೆ ಯಾರ ಹತ್ತಿರವೂ ಬಾಯಿಬಿಡಬಾರದು. ಊರಿಗೆಲ್ಲ ಸುದ್ದಿ ಹಂಚುವ ನನ್ನ ಅಮ್ಮ ಈ ಒಂದು ವಿಷಯದಲ್ಲಿ ಕಲ್ಲು. ಅಪ್ಪ ಆಫೀಸಿನಲ್ಲಿದ್ದಾಗ ಯಾರ ಮನೆಯ ಯಾರು ಬಂದಿದ್ದರು ಎಂದು ಅಪ್ಪನಿಗೂ ಅವಳು ಹೇಳಿದ್ದಿಲ್ಲ.

ದೆಹಲಿಗೆ ಬಂದಮೇಲೆ ಅವಳು ತಾನಾಗಿ ಸೇರಿಸಿಕೊಂಡ ಪ್ರಶ್ನೆಗಳು ಎರಡು. ಡಾಕ್ಟರಿಗೆ ತೋರಿಸಿದೀಯಾ? ಬೇರೆ ಏನು ನುಂಗ್ತಿದೀಯಾ?

ಚಿಕ್ಕವಳಿದ್ದಾಗ ಪಾರ್ಕಿನಲ್ಲಿ ಆ ಗಿಡ ಕೀಳುತ್ತಿದ್ದವಳು ನಾನು. ಹೆಸರು ಗೊತ್ತಿರಲಿಲ್ಲ. ಕಾಲೇಜಿನ ಒಣಗಿಡಗಳ ಕೋಣೆಯಲ್ಲಿ ಹಾಳೆಗೆ ಅಂಟಿಸಿದ ಅದನ್ನು ಕಂಡಾಗ ಮೊದಲು ಅದರ ಲ್ಯಾಟಿನ್ ಹೆಸರು ತಿಳಿಯಿತು, ಕನ್ನಡದ ಹೆಸರು ಆಮೇಲೆ. ನನ್ನ ಸಂಶೋಧನೆಗೆ ಅದನ್ನೇ ಆರಿಸಿಕೊಂಡೆ. ಮನೆಗೆ ಬಂದು ಹೆಸರು ಹೇಳಿದಾಗ ಅಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. “ಹೇಳಿಬಿಟ್ಯಲ್ಲೇ” ಎಂದಳು, ಅಷ್ಟೆ. ಪ್ರಬಂಧದಲ್ಲಿ ಅದರ ಹೆಸರು ಎಷ್ಟೋ ಸಲ ಬಂದಿದೆ. ಇಲ್ಲಿ ಬರೆಯುವುದಿಲ್ಲ.

ಮಾತ್ರೆ ಶುರು ಮಾಡಿದ ದಿನವೇ ನಾನು ಆ ಗಿಡದ ಒಣಪುಡಿಯನ್ನು ಬಿಸಿನೀರಿಗೆ ಹಾಕಿ ಕುಡಿಯಲು ಶುರು ಮಾಡಿದೆ. ಪ್ರಯೋಗಾಲಯದ್ದಲ್ಲ, ಅಂಗಡಿಯಲ್ಲಿ ಕೊಂಡದ್ದು. ನನ್ನ ಲೆಕ್ಕ ಸ್ಪಷ್ಟವಾಗಿತ್ತು. ಔಷಧ ಮಾತ್ರ ತಿಂದ ಇಲಿಗಳ ಯಕೃತ್ತು ಕೆಟ್ಟಿತ್ತು. ಜೊತೆಗೆ ಸಾರವನ್ನೂ ಕುಡಿದವುಗಳದ್ದು ಬಹುಮಟ್ಟಿಗೆ ಉಳಿದಿತ್ತು. ನಾನು ಎರಡನೆಯ ಗುಂಪಿನಲ್ಲಿದ್ದೇನೆ ಎಂದುಕೊಂಡೆ. ವೈದ್ಯರಿಗೆ ಹೇಳಲಿಲ್ಲ. ಹೇಳಿದರೆ ಅವರು ಬೇಡ ಎನ್ನುತ್ತಿದ್ದರು, ನಾನು ವಾದ ಮಾಡಬೇಕಾಗುತ್ತಿತ್ತು, ನನಗೆ ವಾದ ಇಷ್ಟವಿಲ್ಲ.

ಮುಂದಿನ ತಿಂಗಳ ರಕ್ತಪರೀಕ್ಷೆಗೂ ಹೋಗಲಿಲ್ಲ. ಆ ವಾರ ಇಲಿಗಳ ರಕ್ತ ತೆಗೆಯುವುದಿತ್ತು.

ಆಮೇಲೆ ಅನ್ನದ ವಾಸನೆ ಬೇಡವಾಯಿತು. ಮೊದಲು ಬೆಳಗ್ಗೆ ಮಾತ್ರ, ಬರುಬರುತ್ತ ಎಲ್ಲ ಹೊತ್ತು. ಬಿಸಿಲು ಎಂದುಕೊಂಡೆ. ಮೆಟ್ಟಿಲು ಹತ್ತುವಾಗ ಮೊಣಕಾಲು ಸೋಲುತ್ತಿತ್ತು; ನಿದ್ದೆ ಸಾಲದು ಎಂದುಕೊಂಡೆ. ಕಾಮಾಲೆಯಲ್ಲಿ ಮೂತ್ರದ ಬಣ್ಣ ಗಾಢವಾಗುತ್ತದೆ, ಎಲ್ಲರೂ ಮೊದಲು ಗಮನಿಸುವುದು ಅದನ್ನೇ. ನನಗೆ ಆ ಗುರುತೂ ಇರಲಿಲ್ಲ; ಮಾತ್ರೆ ಮೊದಲ ದಿನದಿಂದಲೇ ಅದನ್ನು ಕಿತ್ತಳೆ ಮಾಡಿತ್ತು. ಒಂದು ದಿನ ಕನ್ನಡಿಯಲ್ಲಿ ಕಣ್ಣಿನ ಬಿಳಿಭಾಗ ಮಾಸಿದಂತೆ ಕಂಡಿತು. ನನ್ನ ಬಚ್ಚಲಿನ ಬಲ್ಬು ಹಳದಿಯದು. ಬಲ್ಬಿನದೇ ಇರಬೇಕು ಎಂದುಕೊಂಡು, ಅದನ್ನು ಬದಲಿಸದೆ ಬಿಟ್ಟೆ. ಬದಲಿಸಿದ್ದರೆ ಗೊತ್ತಾಗುತ್ತಿತ್ತು. ನಾನು ಕುಡಿಯುತ್ತಿದ್ದ ಪುಡಿಯ ಮೇಲಿನ ನಂಬಿಕೆ ನನ್ನನ್ನು ಒಂದೊಂದಾಗಿ ಎಲ್ಲದಕ್ಕೂ ಕಿವುಡು ಮಾಡುತ್ತಿತ್ತು.

ಒಂದು ಶನಿವಾರ ಮೂರು ಸಲ ಮೆಟ್ರೊ ಬದಲಿಸಿ ರೋಹಿಣಿಗೆ ಹೋದೆ. ತಿಂಗಳಾಗಿತ್ತು ಹೋಗಿ. ಅಮ್ಮ ಬಾಗಿಲು ತೆಗೆದು, ನನ್ನ ಮುಖ ನೋಡಿ, ಬ್ಯಾಗು ಇಸಿದುಕೊಂಡಳು. ನಾನು ಕೈಕಾಲು ತೊಳೆದು ಬರುವುದರೊಳಗೆ ಬಾಲ್ಕನಿಯಿಂದ ಕರೆದಳು.

“ಬಾರೇ ಇಲ್ಲಿ, ಈ ಸೂಜಿಗೆ ದಾರ ಪೋಣಿಸಿಕೊಡು. ಇಲ್ಲಿ ಬೆಳಕು ಚೆನ್ನಾಗಿದೆ.”

“ನಿನ್ನ ಕನ್ನಡಕ ಎಲ್ಲಿ?”

“ಎಲ್ಲೋ ಇದೆ. ಪೋಣಿಸು ಅಂದ್ರೆ ಪೋಣಿಸು. ಪಿಎಚ್‌ಡಿ ಮಾಡೋರು ಸೂಜಿ ಮುಟ್ಟಬಾರದು ಅಂತೇನಾದರೂ ಇದೆಯಾ?”

ನಾನು ಸೂಜಿಯನ್ನು ಆಕಾಶಕ್ಕೆ ಹಿಡಿದು ಕಣ್ಣಗಲಿಸಿದೆ. ಅಮ್ಮ ಸೂಜಿಯನ್ನು ನೋಡುತ್ತಿರಲಿಲ್ಲ. ಕಾಮಾಲೆಯ ಕಣ್ಣನ್ನು ಅವಳು ಯಾವಾಗಲೂ ಹಗಲ ಬೆಳಕಿನಲ್ಲೇ ನೋಡುವುದು. ಮದ್ದಿಗೆ ಬಂದವರನ್ನೆಲ್ಲ ಅವಳು ಆ ಬಾಲ್ಕನಿಯಲ್ಲೇ ನಿಲ್ಲಿಸಿದ್ದನ್ನು ಕಂಡಿದ್ದೇನೆ. ದಾರ ಪೋಣಿಸಿ ಕೊಟ್ಟೆ. ಅವಳು ಅದನ್ನು ತೆಗೆದುಕೊಂಡು ಹೊಲಿಗೆಯ ಡಬ್ಬಿಯಲ್ಲಿ ಹಾಗೇ ಇಟ್ಟಳು. ಹೊಲಿಯುವುದು ಏನೂ ಇರಲಿಲ್ಲ.

ರಾತ್ರಿ ಊಟಕ್ಕೆ ಮೆತ್ತಗಿನ ಅನ್ನ, ನೀರು ಮಜ್ಜಿಗೆ, ಒಗ್ಗರಣೆ ಇಲ್ಲದ ಹೆಸರುಬೇಳೆ. ಅಪ್ಪ ತಟ್ಟೆ ನೋಡಿದರು.

“ಏನಿದು? ಮಗಳು ಬಂದ ದಿನ ಆಸ್ಪತ್ರೆ ಊಟ?”

“ಎಣ್ಣೆ ಮುಗಿದಿದೆ.”

“ಬೆಳಗ್ಗೆ ನಾನೇ ತಂದುಕೊಟ್ಟೆನಲ್ಲ!”

“ಹಂಗಂತ ಅದನ್ನ ಇವತ್ತೇ ಕುಡೀಬೇಕಾ? ಸುಮ್ನೆ ಊಟ ಮಾಡಿ ನೀವು.”

ಅಪ್ಪ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ನಾನು ಎಷ್ಟೋ ದಿನಗಳಲ್ಲಿ ಮೊದಲ ಬಾರಿಗೆ ತಟ್ಟೆ ಖಾಲಿ ಮಾಡಿದೆ. ಅಮ್ಮನಿಗೆ ಗೊತ್ತಾಗಿದೆ ಎಂಬುದು ನನಗೆ ಗೊತ್ತಾಗಿತ್ತು. ನನಗೆ ಗೊತ್ತಾದದ್ದೂ ಅವಳಿಗೆ ಗೊತ್ತಾಗಿರಬೇಕು. ಆದರೂ ಅವಳು ಕೇಳಲಿಲ್ಲ. ಮಗಳ ಮುಖದ ಒಂದು ಮೊಡವೆಯ ಬಗ್ಗೆ ಹತ್ತು ಪ್ರಶ್ನೆ ಕೇಳುವವಳು, ಇದರ ಬಗ್ಗೆ ಒಂದನ್ನೂ ಕೇಳದೆ ಪಾತ್ರೆ ತೊಳೆಯಲು ಹೋದಳು. ಅವಳಿಗೆ ಬರಿ ಕಾಮಾಲೆ ಕಂಡಿತ್ತು. ಅದರ ಹಿಂದೆ ಏನಿದೆ ಎಂದು ತಿಳಿದಿರಲಿಲ್ಲ. ಆ ಮನೆಯಲ್ಲಿ ಅದು ತಿಳಿದದ್ದು ನನಗೊಬ್ಬಳಿಗೇ.

ಭಾನುವಾರ ಬೆಳಗ್ಗೆ ಗುರುಗ್ರಾಮದಿಂದ ಒಬ್ಬ ಯುವಕ ಮದ್ದಿಗೆ ಬಂದ. ಐಟಿಯವನು, ದಾವಣಗೆರೆ ಕಡೆಯವನು. ನಾನು ನಡುಕೋಣೆಯಲ್ಲಿ ಕೂತಿದ್ದೆ, ಬಾಗಿಲು ಅರ್ಧ ತೆರೆದಿತ್ತು.

“ಫೋಟೋ ಕಳಿಸಿದ್ನಲ್ಲ ಆಂಟೀ, ಕಣ್ಣಿಂದು. ನೀವು ಕೊರಿಯರ್ ಮಾಡಿದ್ರೂ ಆಗ್ತಿತ್ತು.”

“ಕಾಮಾಲೆ ಬಂದಿರೋದು ನಿಂಗೋ, ನಿನ್ನ ಫೋನಿಗೋ? ಮಣೆ ಮೇಲೆ ಕೂತ್ಕೊಪ್ಪ. ಏನಕ್ಕೆ ಬಂದೆ?”

“ಅದೇ ಆಂಟೀ, ನಿಮಗೆ ಗೊತ್ತಲ್ಲ...”

“ನಂಗೆ ಗೊತ್ತಿದ್ದರೆ ಆಗಲಿಲ್ಲ. ನೀನು ಬಾಯಿಬಿಟ್ಟು ಕೇಳಬೇಕು.”

“ಮದ್ದು ಬೇಕಿತ್ತು.”

“ಹ್ಞಾ. ಡಾಕ್ಟರಿಗೆ ತೋರಿಸಿದೀಯಾ?”

“ತೋರಿಸ್ದೆ. ಬ್ಲಡ್ ಟೆಸ್ಟೂ ಆಯ್ತು. ನೀರಿಂದ ಬಂದಿರೋದು, ರೆಸ್ಟ್ ತಗೊಳ್ಳಿ, ತಾನಾಗೇ ಇಳಿಯುತ್ತೆ ಅಂದ್ರು.”

“ಬೇರೆ ಏನು ನುಂಗ್ತಿದೀಯಾ?”

“ಏನಿಲ್ಲ ಆಂಟೀ.”

“ಏನೂ ಇಲ್ಲ?”

“ಜಿಮ್‌ದು ಒಂದು ಪೌಡರ್ರು...”

“ಅದು ಬಂದ್. ಕುಡಿಯೋದು?”

“ವೀಕೆಂಡಲ್ಲಿ ಮಾತ್ರ.”

“ವೀಕೆಂಡು ನಿಂಗಪ್ಪ, ನಿನ್ನ ಲಿವರಿಗಲ್ಲ. ಅದೂ ಬಂದ್.”

ಪತ್ರಿಕೆಯ ಹಿಂದಿನಿಂದ ಅಪ್ಪ, “ಠಾಣೆಯಲ್ಲಿ ಇದಕ್ಕಿಂತ ಕಡಿಮೆ ಕೇಳ್ತಾರಪ್ಪ, ಹೆದರಬೇಡ” ಎಂದರು. ಅವನು ನಕ್ಕ. ಮಜ್ಜಿಗೆಯ ಲೋಟ ಕೈಗೆ ಬಂದಾಗ, “ಇದು ಯಾವ ಸೊಪ್ಪು ಆಂಟೀ?” ಎಂದ. “ಸೊಪ್ಪಲ್ಲ, ಮದ್ದು” ಎಂದಳು ಅಮ್ಮ. ಅವನು ಹೋದ ಮೇಲೆ ಅಪ್ಪ ಹಾಲು ತರಲು ಕೆಳಗಿಳಿದರು.

ನಾನು ಒಳಗೆ ಬ್ಯಾಗಿನ ಎದುರು ಕೂತಿದ್ದೆ. ಕೈಯಲ್ಲಿ ಆ ದಿನದ ಮಾತ್ರೆಗಳಿದ್ದವು. ಬೆಳಗ್ಗೆ ಖಾಲಿ ಹೊಟ್ಟೆಗೆ ನುಂಗಬೇಕಾದವು. ಅಂಗೈಯ ಬೆವರಿಗೆ ಒಂದರ ಕೆಂಪು ಬಣ್ಣ ಹತ್ತಿಕೊಳ್ಳುತ್ತಿತ್ತು. ನನಗೆ ಎಲ್ಲವೂ ತಿಳಿದಿತ್ತು. ಕಣ್ಣು ಹಳದಿಯಾದ ಮೇಲೂ ಇವನ್ನು ನುಂಗಿದರೆ ಏನಾಗುತ್ತದೆ ಎಂದು ನಾನು ಇಲಿಗಳ ಯಕೃತ್ತಿನಲ್ಲಿ ನೋಡಿದ್ದೆ, ತೆಳುವಾಗಿ ಕೊಯ್ದು ಗಾಜಿನ ಮೇಲಿಟ್ಟು. ನುಂಗದೆ ಬಿಟ್ಟರೆ ಯಾಕೆ ಬಿಟ್ಟೆನೆಂದು ಯಾರಿಗಾದರೂ ಹೇಳಬೇಕು. ನುಂಗಿದರೆ ಯಾರಿಗೂ ಏನೂ ಹೇಳಬೇಕಾಗಿಲ್ಲ. ಆ ಕ್ಷಣದಲ್ಲಿ ಈ ಎರಡನೆಯದು ನನಗೆ ಸುಲಭವಾಗಿ ಕಂಡಿತು ಎಂಬುದನ್ನು ಬರೆಯಲು ಈಗಲೂ ಹಿಂಜರಿಕೆಯಾಗುತ್ತದೆ.

ಎದ್ದು ನೀರಿಗೆಂದು ಹೊರಗೆ ಬಂದೆ. ಅಮ್ಮ ಕಲ್ಲನ್ನು ತೊಳೆಯುತ್ತಿದ್ದಳು, ನನಗೆ ಬೆನ್ನು ಮಾಡಿ. ಮಣೆ ನೆಲದ ಮೇಲೇ ಇತ್ತು. ಮದ್ದು ಕುಡಿದವರು ಎದ್ದ ಕೂಡಲೇ ಮಣೆಯನ್ನು ಎತ್ತಿ ಗೋಡೆಗೆ ಒರಗಿಸುವುದು ಅವಳ ಪದ್ಧತಿ; ಎತ್ತದ ಮಣೆಯನ್ನು ನಾನು ಎಂದೂ ನೋಡಿರಲಿಲ್ಲ. ಆ ದಿನ ಅವಳು ಅದನ್ನು ಎತ್ತಿರಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ ಅಲ್ಲೇ ಬಿಟ್ಟಿದ್ದಳು. ಮರ ಇನ್ನೂ ಆರಿರಲಿಲ್ಲ.

ನಾನು ಹೋಗಿ ಮಣೆಯ ಮೇಲೆ ಕೂತೆ.

ಅಮ್ಮ ತಿರುಗಲಿಲ್ಲ. ಕಲ್ಲು ತೊಳೆಯುವ ಕೈ ನಿಂತಿತು. “ಏನಕ್ಕೆ ಬಂದೆ?” ಎಂದಳು. ಆ ಯುವಕನನ್ನು ಕೇಳಿದ ದನಿಯಲ್ಲೇ.

“ಮದ್ದು ಬೇಕಿತ್ತು.”

“ಡಾಕ್ಟರಿಗೆ ತೋರಿಸಿದೀಯಾ?”

“ಇದಕ್ಕೆ ತೋರಿಸಿಲ್ಲ.”

“ಬೇರೆ ಏನು ನುಂಗ್ತಿದೀಯಾ?”

ಈಗ ಅವಳು ತಿರುಗಿದಳು. ಅಂಗೈ ಬಿಚ್ಚಿ ತೋರಿಸಿದೆ. ಹೇಳಿದೆ. ಗಂಟು, ಸೂಜಿ, ಎರಡು ತಿಂಗಳ ಮಾತ್ರೆ, ಜೊತೆಗೆ ನಾನು ಕುಡಿಯುತ್ತಿದ್ದ ಪುಡಿ. ಮೂರು ನಾಲ್ಕು ವಾಕ್ಯಗಳಲ್ಲಿ ಮುಗಿಯಿತು. ಪ್ರಬಂಧದ ಸಾರಾಂಶ ಹೇಳಿದ ಹಾಗೆ ಹೇಳಿದೆನೆಂದು ಕಾಣುತ್ತದೆ, ಯಾಕೆಂದರೆ ಅಮ್ಮ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು.

“ಇವತ್ತಿಂದು ನುಂಗಿಲ್ಲ ತಾನೆ?”

“ಇಲ್ಲ.”

“ಇಲ್ಲಿ ಕೊಡು.” ಮಾತ್ರೆಗಳನ್ನು ತೆಗೆದುಕೊಂಡು ಮೊರದ ಪಕ್ಕದ ಬಟ್ಟಲಿಗೆ ಹಾಕಿದಳು. “ಇದಕ್ಕೆ ನನ್ನ ಹತ್ರ ಮದ್ದಿಲ್ಲ ಕಣೇ. ಮಾತ್ರೆ ಮೇಲೆ ನಾನು ಕೊಡಲ್ಲ. ಮಾತ್ರೆ ಕೊಟ್ಟೋರಿಗೆ ಹೇಳಿದೀಯಾ, ಹಿಂಗಾಗಿದೆ ಅಂತ?”

“ಇಲ್ಲ.”

“ಆ ಪುಡಿ ಕುಡಿತಿರೋದು?”

“ಹೇಳಿಲ್ಲ.”

“ಮತ್ಯಾರಿಗೆ ಹೇಳಿದೀಯಾ?”

ನಾನು ಮಣೆಯ ಒದ್ದೆ ಅಂಚನ್ನು ಉಗುರಿನಿಂದ ಕೆರೆದೆ. ಅಮ್ಮ ಮತ್ತೆ ಕೇಳಲಿಲ್ಲ. “ಫೋನ್ ಹಚ್ಚು ಈಗ. ಅವರಿಗೆ” ಎಂದಳು.

ಮಣೆಯ ಮೇಲೆ ಕೂತೇ ವೈದ್ಯರಿಗೆ ಫೋನ್ ಮಾಡಿದೆ. ಅವರು ಎಲ್ಲ ಮಾತ್ರೆಗಳನ್ನೂ ಕೂಡಲೇ ನಿಲ್ಲಿಸಲು ಹೇಳಿದರು. ವಾಂತಿ ಹೆಚ್ಚಾದರೆ, ಮಂಪರು ಕವಿದರೆ, ಎಲ್ಲಾದರೂ ರಕ್ತ ಕಂಡರೆ ಆ ಕ್ಷಣವೇ ಹತ್ತಿರದ ಆಸ್ಪತ್ರೆಗೆ ಹೋಗಿ, ಇಲ್ಲದಿದ್ದರೆ ನಾಳೆ ಬೆಳಗ್ಗೆಯೇ ಇಲ್ಲಿಗೆ ಬನ್ನಿ, ಒಬ್ಬರೇ ಬರಬೇಡಿ ಎಂದರು. ಬೇರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ ಎಂದು ಅವರೂ ಕೇಳಿದರು. ಪುಡಿಯ ವಿಷಯ ಹೇಳಿದೆ. ಅದನ್ನೂ ನಿಲ್ಲಿಸಿ ಎಂದರು. ಆಮೇಲೆ, ನೀವು ಏನು ಓದುತ್ತಿದ್ದೀರಿ ಎಂದರು. ಹೇಳಿದೆ. ಇನ್ನೊಂದು ಸಲ ಹೇಳಿ ಎಂದರು.

ಅಮ್ಮ ಮಣೆ ಎತ್ತಿ ಗೋಡೆಗೆ ಒರಗಿಸಿದಳು.

ಅಲ್ಲಿಂದ ಮುಂದೆ ಆ ಇಡೀ ದಿನ ಅವಳು ಆ ವಿಷಯ ಎತ್ತಲಿಲ್ಲ. ಮಜ್ಜಿಗೆ ಕೊಟ್ಟಳು, ಎಳನೀರು ತರಿಸಿದಳು, ಗಂಟೆಗೊಮ್ಮೆ ಬಾಗಿಲಲ್ಲಿ ನಿಂತು ನಾನು ಎಚ್ಚರವಾಗಿದ್ದೇನೆಯೇ ಎಂದು ನೋಡಿ ಹೋದಳು. ಅಪ್ಪ, “ಇವಳಿಗೇನಾಯ್ತು, ಸಪ್ಪಗಿದಾಳೆ?” ಎಂದದ್ದಕ್ಕೆ, “ಪಾಪ, ದಣಿದಿದಾಳೆ” ಎಂದಳು. ಸಂಜೆ ಪಕ್ಕದ ಸೆಕ್ಟರಿನ ಆಂಟಿಯ ಫೋನ್ ಬಂದಾಗ ನಾನು ಉಸಿರು ಬಿಗಿಹಿಡಿದು ಕೇಳಿಸಿಕೊಂಡೆ. ಅಮ್ಮ ಯಾರದೋ ಮನೆಯ ಗೃಹಪ್ರವೇಶದ ಊಟ, ಯಾರದೋ ಸೊಸೆಯ ಹೊಸ ಕೆಲಸ, ಎಲ್ಲ ಮಾತಾಡಿದಳು. ನನ್ನ ಬಗ್ಗೆ, ಮಗಳು ಬಂದಿದಾಳೆ ಎಂದಷ್ಟೇ.

ನಾನು ಬಯಸಿದ್ದು ಇದನ್ನೇ. ಮಣೆಯ ಮೇಲೆ ಕೂತು ಹೇಳಿದ್ದರಿಂದ ನಾನು ಮದ್ದಿಗೆ ಬಂದ ಒಬ್ಬಳಾದೆ, ನನ್ನ ಮಾತು ಅವಳ ಕಟ್ಟಿಗೆ ಒಳಪಟ್ಟಿತು. ಇನ್ನು ಅದು ಎಲ್ಲಿಯೂ ಹೋಗುವುದಿಲ್ಲ. ಅಪ್ಪನ ಕಿವಿಗೂ ಹೋಗುವುದಿಲ್ಲ. ಆದರೆ ಅದೇ ಕಟ್ಟು ಅವಳ ಬಾಯಿಯನ್ನು ನನ್ನ ಕಡೆಗೂ ಮುಚ್ಚಿತ್ತು. ಬೈಯಬಹುದಾಗಿತ್ತು. ಅಳಬಹುದಾಗಿತ್ತು. ಯಾಕೆ ಹೇಳಲಿಲ್ಲವೇ ಎಂದು ಒಂದು ಸಲ ಕೇಳಬಹುದಾಗಿತ್ತು. ಮದ್ದಿಗೆ ಬಂದವರನ್ನು ಯಾರೂ ಹಾಗೆ ಕೇಳುವುದಿಲ್ಲ. ಮಂಚದ ಮೇಲೆ ಮಲಗಿ, ಅಡುಗೆಮನೆಯಲ್ಲಿ ಅವಳು ಬೇಕೆಂದೇ ಸದ್ದು ಮಾಡದೆ ಪಾತ್ರೆ ಇಡುವುದನ್ನು ಕೇಳುತ್ತಿದ್ದೆ. ಗ್ರೇಟರ್ ನೋಯ್ಡಾದ ಆ ಕಟ್ಟಡದಲ್ಲಿ ಒಬ್ಬಳೇ ಇದ್ದಾಗ ಆಗದಿದ್ದ ಒಂದು ಬಗೆಯ ಒಂಟಿತನ ಅಲ್ಲಿ, ಗೋಡೆಯ ಆಚೆ ಅಮ್ಮ ಇರುವಾಗ ಆಯಿತು.

ಆಮೇಲಿನದನ್ನು ಚಿಕ್ಕದಾಗಿ ಹೇಳುತ್ತೇನೆ. ನನ್ನ ರಕ್ತದಲ್ಲಿ ಆ ಕಿಣ್ವದ ಮಟ್ಟ, ನಾನು ಇಲಿಗಳಲ್ಲಿ ಕಂಡಾಗ ಬೇರೆ ಬಣ್ಣದ ಶಾಯಿಯಲ್ಲಿ ಗುರುತು ಹಾಕುತ್ತಿದ್ದಷ್ಟು ಏರಿತ್ತು. ಕೆಲವು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಮಾತ್ರೆ ನಿಲ್ಲಿಸಿದ ಮೇಲೆ ಮೆಲ್ಲಗೆ ಇಳಿಯಿತು. ಪೂರ್ತಿ ಇಳಿದ ಮೇಲೆ ಒಂದೊಂದೇ ಮಾತ್ರೆಯನ್ನು, ಪ್ರತಿ ಸಲವೂ ರಕ್ತ ನೋಡಿಕೊಂಡು, ಮತ್ತೆ ಶುರು ಮಾಡಿದರು. ಗಂಟು ಕರಗಿತು. ಹಾನಿ ಮಾಡಿದ್ದು ಬಹುಶಃ ಮಾತ್ರೆಗಳೇ ಎಂದರು ವೈದ್ಯರು. ಪುಡಿ ಏನು ಮಾಡಿತು, ಸ್ವಲ್ಪ ತಡೆಯಿತೋ, ಏನೂ ಮಾಡಲಿಲ್ಲವೋ, ಕೆಡುಕನ್ನೇ ಮಾಡಿತೋ, ಯಾರೂ ಹೇಳಲಾರರು. ಪ್ರಯೋಗವೆಂದರೆ ಹೋಲಿಸಿ ನೋಡಲು ಪಕ್ಕದಲ್ಲಿ ಇನ್ನೊಂದು ಗುಂಪು ಇರಬೇಕು. ನಾನು ಒಬ್ಬಳೇ ಇದ್ದೆ. ಆ ಗಿಡದ ಮೇಲಿನ ನನ್ನ ಕೆಲಸ ಈಗಲೂ ನಡೆದಿದೆ. ನೇರಳೆ ಹಳದಿಯಾಗುವುದನ್ನು ಈಗಲೂ ಕೊನೆಯವರೆಗೆ ನಿಂತು ನೋಡುತ್ತೇನೆ. ನಳಿಕೆಯಲ್ಲಿ ಆಗುವುದು ಮನುಷ್ಯರಲ್ಲಿ ಆಗಲೇಬೇಕಿಲ್ಲ ಎಂಬ ಸಾಲು ನನ್ನ ಪ್ರಬಂಧದಲ್ಲಿ ಮೊದಲಿನಿಂದಲೂ ಇತ್ತು. ಎಲ್ಲರೂ ಬರೆಯುವ ಸಾಲು ಅದು.

ಆಸ್ಪತ್ರೆಗೆ ಹೊರಡಬೇಕಿದ್ದ ಆ ಸೋಮವಾರ ಬೆಳಗ್ಗೆ ನಾನು ಬೇಗ ಎದ್ದೆ. ಕೈ ಅಭ್ಯಾಸದಿಂದ ಬ್ಯಾಗಿನ ಕಡೆ ಹೋಗಿ ನಿಂತಿತು. ಅಮ್ಮ ಆಗಲೇ ಸೀರೆ ಉಟ್ಟು, ನನ್ನ ಜೊತೆ ಹೊರಡಲು ತಯಾರಾಗಿ, ಅಡುಗೆಮನೆಯಲ್ಲಿ ಡಬ್ಬಿಗೆ ಮೊಸರನ್ನ ತುಂಬುತ್ತಿದ್ದಳು. ಅಪ್ಪ ಬಾಲ್ಕನಿಯಲ್ಲಿ ಕೂತು, ಆಫೀಸಿಗೆ ಹೊರಡುವ ಮುಂಚಿನ ಕಾಫಿ ಕುಡಿಯುತ್ತಿದ್ದರು. ಮದ್ದು ಕೊಡುವವರು ಹೇಳಬಾರದು ಎಂದಿದೆ. ಮದ್ದು ಕೇಳಿದವರು ಹೇಳಬಾರದು ಎಂದು ಎಲ್ಲಿಯೂ ಇಲ್ಲ. ನಾನು ಬಾಲ್ಕನಿಗೆ ಹೋಗಿ, ಹಗಲ ಬೆಳಕು ನನ್ನ ಮುಖದ ಮೇಲೆ ನೇರವಾಗಿ ಬೀಳುವ ಹಾಗೆ ಅಪ್ಪನ ಎದುರಿಗಿನ ಬೆತ್ತದ ಸ್ಟೂಲಿನ ಮೇಲೆ ಕೂತೆ.

“ಅಪ್ಪಾ, ಇವತ್ತು ಆಫೀಸಿಗೆ ರಜೆ ಹಾಕ್ತೀರಾ?” ಎಂದೆ. “ನಂಗೆ ಹುಷಾರಿಲ್ಲ.”

ಅಪ್ಪ ಲೋಟ ಕೆಳಗಿಟ್ಟು ನನ್ನ ಕಣ್ಣು ನೋಡಿದರು. ಒಳಗೆ ಡಬ್ಬಿಯ ಮುಚ್ಚಳ ಕೈಜಾರಿ ನೆಲಕ್ಕೆ ಬಿದ್ದು ದೊಡ್ಡ ಸದ್ದಾಯಿತು.

“ಯಾಕೇ, ನನಗೊಂದು ಮಾತು ಮೊದಲೇ ಹೇಳೋಕೆ ಏನಾಗಿತ್ತೇ ನಿಂಗೆ?” ಎಂದಳು ಅಮ್ಮ ಅಡುಗೆಮನೆಯಿಂದಲೇ, ಅಕ್ಕಪಕ್ಕದ ಮನೆಗಳಿಗೆಲ್ಲ ಕೇಳುವಷ್ಟು ಜೋರಾಗಿ. ನಾನು ಎದ್ದು ಒಳಗೆ ಹೋಗಿ ಮುಚ್ಚಳ ಎತ್ತಿಕೊಟ್ಟೆ.